ನೂರಾ ಒಂದು

ಮೋನಪ್ಪ ಬಡಿಗೇರನ ಉಕ್ಕಿನ ಪಟ್ಟಿ ಸುಳ್ಳು ಹೇಳುತ್ತದೆ.
ಅದರ ನೂರು ಮಿಲಿ
ಅಂಗಡಿಯ ಪಟ್ಟಿಯಲ್ಲಿ ನೂರಾ ಒಂದು.
ಹೊಸದಾಗಿ ಸೇರಿದಾಗ ನಾನದನ್ನು
ಕೆಟ್ಟ ಮಾಲೆಂದು ಎತ್ತಿಡಹೋಗಿದ್ದೆ.
"ಬಾಯಾರ, ಇಡ್ರಿ ಕೆಳಗ" ಅಂದ.
"ಕಬ್ಬಣ ಆರಿದ ಮ್ಯಾಲ ಸಣ್ಣಾಗತೈತಿ.
ಆಯೇರಿ ಮಾಡೂವಾಗ ನೂರಕ್ಕ ಒಂದು ಕೂಡಸ್ತೀವಿಲ್ಲೊ,
ಹಂಗ ಇದು."

ಉದ್ಯಮಬಾಗದ ಒಂದು ತಗಡಿನ ಶೆಡ್ಡು, ಅದರ ಮೇಲೆ ಜುಲೈ.
ಬೆಳಗಾವಿಯ ಜಿಟಿಜಿಟಿ
ಹಾಳೆಗೂ ಮರಳಿಗೂ ಒಂದೇ ಸಮ ಇಳಿಯುತ್ತದೆ.
ಮೇಜಿನ ಮೇಲೆ ಕೊಲ್ಲಾಪುರದ ಪಂಪಿನವರ ನಕ್ಷೆ,
ಗೋಡೆಯ ಮೇಲೆ ನಾನೇ ಗೆರೆ ಎಳೆದ ತಖ್ತೆ:
ಪ್ಯಾಟರ್ನಿಗೆ ಹನ್ನೆರಡು ದಿನ, ಕೋರ್ ಬಾಕ್ಸಿಗೆ ನಾಲ್ಕು,
ಸ್ಯಾಂಪಲ್ಲು ಹದಿನೆಂಟಕ್ಕೆ, ಪಾಸಾಗುವುದು ಇಪ್ಪತ್ತೊಂದಕ್ಕೆ.
ಎಷ್ಟು ನೆಟ್ಟಗಿತ್ತು ಅದು,
ಇನ್ನೂ ಯಾರೂ ಕೂರದ ಪಂಕ್ತಿಯ ಎಲೆಗಳ ಹಾಗೆ.

ಮೊದಲನೆಯದು ಹದಿನೆಂಟಕ್ಕೇ ಬಂತು.
ಕತ್ತಿನ ಹತ್ತಿರ ಗಾಳಿಯ ತೂತು, ಕಿರುಬೆರಳು ಹೋಗುವಷ್ಟು.
ಮರಳು ಹಸಿ ಎಂದರು ಮೋಲ್ಡಿಂಗಿನವರು.
ಕಾರಣ: ಮಳೆ, ಎಂದು ಬರೆದೆ ನಾನು.
"ಮಳಿಗೆ ಮೆಮೊ ಕೊಡ್ತೀರೇನ್ರಿ?" ಕುಲುಮೆಯಿಂದ ಗೌಸಸಾಬ.
ಎರಡನೆಯದರಲ್ಲಿ ಕೋರು ಸರಿದಿತ್ತು,
ಒಂದು ಗೋಡೆ ದಪ್ಪ, ಒಂದು ಗೋಡೆ ಹಪ್ಪಳ.
ಮೂರನೆಯದು ಚೆಂದವಿತ್ತು.
ಚೆಂದವಿದ್ದುಕೊಂಡೇ ಸೋರಿತು, ಒತ್ತಡ ಕೊಟ್ಟ ಎರಡನೇ ನಿಮಿಷ,
ಎಲ್ಲಿಂದ ಎಂದು ಯಾರಿಗೂ ಕಾಣದಂತೆ.
ನಾಲ್ಕು, ಐದರ ಬಗ್ಗೆ ಕೇಳಬೇಡಿ.

ಚೌಗಲಾ ಸಾವಕಾರರು ಬೈಯುವವರಲ್ಲ.
ಬಂದು, ಕನ್ನಡಕ ಒರೆಸಿಕೊಂಡು,
ದಾಟಿಹೋದ ತಾರೀಖಿನ ಮೇಲೆ ಬೆರಳಿಟ್ಟು
"ಇಲ್ಲೇ ಅದೀವೇನ ಇನ್ನಾ?" ಎನ್ನುತ್ತಾರೆ,
ಬಸ್ಸು ತಪ್ಪಿದವರನ್ನು ಕೇಳುವ ಹಾಗೆ.
ನಾನು ಕೊಲ್ಲಾಪುರಕ್ಕೆ ಫೋನು ಹಚ್ಚಿ "ಪರವಾ" ಎನ್ನುತ್ತೇನೆ,
ಮರಾಠಿಯ ಪರವಾ ನಮ್ಮ ನಾಡಿದ್ದಿಗಿಂತ
ಒಂದು ಮಿಲಿ ಉದ್ದವಿದ್ದೀತೆಂದು ಹಾರೈಸಿ.

ಆ ಸಂಜೆ ಮೋನಪ್ಪನ ಬಳಿ ಹೋದೆ.
ದಿನಗಳಿಗೂ ಒಂದು ಪಟ್ಟಿ ಇದ್ದರೆ ಕೊಡು.
ಸಾಗವಾನಿಯ ಹೊಟ್ಟು ಊದಿದ. ಯೋಚಿಸಿದ.
"ಕಬ್ಬಣ ಎಷ್ಟ ಕುಗ್ಗತೈತಿ ಗೊತ್ತೈತ್ರಿ, ಅದು ಮಾತಿಗೆ ತಪ್ಪೂದಿಲ್ಲ.
ದಿನ ಹಂಗಲ್ಲ. ಹಿಗ್ಗತಾವು,
ಅದೂ ಒಂದೊಂದ ಕಡೆ ಒಂದೊಂದ ನಮೂನಿ."
ಆಮೇಲೆ, ಉಳಿ ಮಸೆಯುತ್ತಲೇ:
"ತಖ್ತೆ ಬರಿಯೂವಾಗ ನನ್ನ ಕೇಳಲಿಲ್ಲ ನೀವು.
ಗೌಸನ್ನೂ ಕೇಳಲಿಲ್ಲ.
ಕೋರ್ ಸುಡೂ ಯಲ್ಲೂಬಾಯಿನ್ನಂತೂ ಯಾರ ಕೇಳ್ತಾರ?"

ಯಲ್ಲೂಬಾಯಿಯನ್ನು ಕೇಳಿದೆ.
ಪೀರನವಾಡಿಯ ಬಸ್ಸಿಗೆ ಇನ್ನು ಹತ್ತು ನಿಮಿಷ,
ಒಂದು ಚಪ್ಪಲಿ ಆಗಲೇ ಕಾಲಲ್ಲಿ.
ಕೋರು ಒಲೆಯಿಂದ ಇಳಿಯುವುದು ಮಧ್ಯಾಹ್ನ,
ಕೂಡಿಸುವುದು ಮರುದಿನ ಮುಂಜಾನೆ;
ರಾತ್ರಿಯೆಲ್ಲ ಬಾಗಿಲ ಬದಿಗೆ ಬಿದ್ದಿರುತ್ತದೆ.
"ಕಡಕ್ ರೊಟ್ಟಿ ಮಳ್ಯಾಗ ತೆರದಿಟ್ರ
ಮೆತ್ತಗಾಗೂದಿಲ್ಲೇನ್ರಿ?" ಅಂದಳು.
ಐದು ಸ್ಯಾಂಪಲ್ಲು, ಮೂರು ಮೀಟಿಂಗು.

ಆರನೆಯದು ಬಿರಿಯಿತು. ಅದು ನನ್ನ ತಪ್ಪೇ:
ಅವಸರಕ್ಕೆ, ಆರುವ ಮೊದಲೇ ಅಚ್ಚು ಒಡೆಸಿದ್ದೆ.
ಏಳನೆಯದು ಪಾಸು.

ಮೋನಪ್ಪ ಪ್ಯಾಟರ್ನಿಗೆ ಕೆಂಪು ಬಳಿದು ನಂಬರು ಹೊಡೆದ.
ಇನ್ನದು ನಮ್ಮದಲ್ಲ, ಪ್ರೊಡಕ್ಷನ್ನಿನವರದು,
ತಿಂಗಳಿಗೆ ಎಂಟುನೂರು.
ಸಾವಕಾರರು ಕುಂದಾ ತರಿಸಿದರು,
ಬೆರಳು ಒರೆಸಿಕೊಳ್ಳುತ್ತ ಖರ್ಚಿನ ಹಾಳೆ ಕೇಳಿದರು.
ಕೆಟ್ಟವು ಎಲ್ಲಿ?
ಒಡೆದು ಕುಲುಮೆಗೆ ಹಾಕಿದೆವು, ಸಾವಕಾರ್ರ.
ಒಂದೊಂದೂ ಮುಂದಿನದರೊಳಗೆ ಕರಗಿದೆ.
ಏಳನೆಯದರ ತೂಕ ಹದಿನಾಲ್ಕು ಕಿಲೊ,
ಅದರಲ್ಲಿ ಯಾವುದರದು ಎಷ್ಟು ಎಂದು ಬರೆಯಲು
ಹಾಳೆಯಲ್ಲಿ ಮನೆ ಇಲ್ಲ.

ಎಲ್ಲವೂ ಕರಗಲಿಲ್ಲ, ನಿಜ ಹೇಳಬೇಕೆಂದರೆ.
ಮೊದಲನೆಯದು ನನ್ನ ಬಾಗಿಲಿಗೆ ಆನಿಸಿದೆ, ಗಾಳಿಗೆ ಬಡಿಯದಂತೆ.
ತೂತಿನಲ್ಲಿ ಪೆನ್ಸಿಲ್ಲು ನಿಲ್ಲಿಸುತ್ತೇನೆ.
ಹೊಸ ನಕ್ಷೆ ಬಂದಿದೆ ಇವತ್ತು, ಗೋಡೆಗೆ ಹೊಸ ಹಾಳೆ.
ಪೆನ್ಸಿಲ್ಲು ಅಲ್ಲೇ ಇರಲಿ.
ಪೀರನವಾಡಿಯ ಬಸ್ಸು ಎಷ್ಟಕ್ಕೆ,
ಮೊದಲು ಅದನ್ನು ಕೇಳಿ ಬರುತ್ತೇನೆ.