ಐವತ್ತೆಂಟು

ಸೆಪ್ಟೆಂಬರ್ ಕೊನೆಗೆ ಪೆಟ್ಟಿಗೆಗಳು ಬರುತ್ತವೆ.
ಪೋಲೆಂಡಿನ ವೂಚ್ ಊರು, ಟ್ರಾಮ್ ಡಿಪೋ ಎದುರು ನನ್ನ ಅಂಗಡಿ,
ಮೂರು ಗಜ ಅಗಲ, ಒಂದೇ ಹೀಟರು.
ಹೋದ ವರ್ಷದ ಆಟವೇ, ಹೋದ ವರ್ಷದ ಹುಲ್ಲೇ,
ಡಬ್ಬಿಯ ಮೇಲಿನ ಹುಡುಗನ ಕ್ರಾಪು ಮಾತ್ರ ಬೇರೆ.
ಆದರೂ ಬಾಗಿಲು ತೆಗೆಯುವ ಮೊದಲೇ ಸಾಲು.
ಹಳೆಯವು ಅಂದಿನಿಂದಲೇ ಕಾಸಿಗೊಂದು, ಕೊಸರಿಗೆರಡು.

ವಾರ್ಸಾದಿಂದ ಕಂಪನಿಯವನೊಬ್ಬ ಬಂದಿದ್ದ.
ಯಾಕೆ ಕೊಳ್ಳುತ್ತಾರೆ, ಕೇಳಿ ಬರೆಸಿಡಿ ಎಂದ.
ಐದು ಚೌಕ; ಒಂದಕ್ಕೆ ಗುರುತು ಹಾಕಬೇಕು.

ಟ್ರಾಮ್ ಓಡಿಸುವ ಝೆನೋಬಿಯಾಗೆ ಯಾವ ಚೌಕವೂ ಹೊಂದಲಿಲ್ಲ.
ಆಕೆ ಆಡುವುದೇ ಇಲ್ಲ. ಪಂದ್ಯ ಹಚ್ಚಿ,
ಎರಡೂ ತಂಡ ಯಂತ್ರಕ್ಕೇ ಬಿಟ್ಟು,
ಗ್ಯಾಲರಿಯ ಗದ್ದಲ ಕೇಳುತ್ತ ಸ್ವೆಟರು ಹೆಣೆಯುತ್ತಾಳೆ.
"ಮನೆತುಂಬ ನಲವತ್ತು ಸಾವಿರ ಜನ,
ಒಬ್ಬರಿಗೂ ಚಹಾ ಮಾಡಬೇಕಿಲ್ಲ" ಅಂದಳು.

ಮಾತು ಬಿಟ್ಟು ಎರಡು ವರ್ಷವಾದ ಅಣ್ಣ ತಮ್ಮ
ಬೇರೆ ಬೇರೆ ಹೊತ್ತಿಗೆ ಬಂದು ಒಂದೊಂದು ಒಯ್ದರು.
ರಾತ್ರಿ ಹನ್ನೊಂದಕ್ಕೆ ಆನ್‌ಲೈನಿನಲ್ಲಿ ಸಿಗುತ್ತಾರಂತೆ.
ಅಣ್ಣ ಸೋತ ಮರುದಿನ ತಮ್ಮ ಸೀಟಿ ಹಾಕುತ್ತ ಕೆಲಸಕ್ಕೆ ಹೋಗುತ್ತಾನೆ.
ಅದಕ್ಕೂ ಚೌಕವಿಲ್ಲ.

ಮಧ್ಯಾಹ್ನ ಓಲ್ಗೆರ್ದ್ ಬಂದ.
ಊರ ತಂಡದ ಎರಡನೇ ಗೋಲ್‌ಕೀಪರ್, ಆರಡಿ ನಾಲ್ಕಿಂಚು,
ಇಡೀ ಋತು ಬೆಂಚಿನಲ್ಲಿ ಕಂಬಳಿ ಹೊದ್ದು ಕೂತವ.
ಎಂದೂ ಕೊಂಡವನಲ್ಲ. ವರ್ಷಕ್ಕೊಮ್ಮೆ ಬಂದು
ಅಂಗಡಿಯ ಯಂತ್ರದಲ್ಲಿ ತನ್ನ ಹೆಸರು ಹುಡುಕುತ್ತಾನೆ.
ಹೋದ ಸಲ ಅರವತ್ತೊಂದು. ಈ ಸಲ ಐವತ್ತೆಂಟು.
ಗಡ್ಡ ಮಾತ್ರ ಸರಿಯಾಗಿ ಕೂರಿಸಿದ್ದಾರೆ.
"ಎಲ್ಲಿ ನೋಡಿದರು ಇವರು?" ಎಂದ ಮೆಲ್ಲಗೆ,
"ನಾನು ಆಡೇ ಇಲ್ಲ. ಆಡದವನು ಕೆಡುವುದು ಹೇಗೆ?"

ಉತ್ತರ ಗೊತ್ತಿದ್ದರೆ ವಾರ್ಸಾದವನಿಗೆ ಮಾರುತ್ತಿದ್ದೆ.

ನೆಲದ ಮೇಲೆ ಆಡುತ್ತಿದ್ದ ಬ್ರೂನೋ,
ಒಂಬತ್ತು ವರ್ಷ, ಸುರಿವ ಮೂಗು,
ತಲೆಯೆತ್ತದೆ ಹೇಳಿದ:
"ನಾನು ಯಾವಾಗಲೂ ಅವನನ್ನೇ ಇಳಿಸೋದು. ಅಗ್ಗ.
ಉಳಿದ ದುಡ್ಡಿಗೆ ಒಳ್ಳೆ ಸ್ಟ್ರೈಕರ್ ಬರ್ತಾನೆ.
ಎಡಕ್ಕೆ ಹಾರೋಕೆ ಬರಲ್ಲ, ಅಷ್ಟೇ."

ಓಲ್ಗೆರ್ದ್ ಕೋಟು ಬಿಚ್ಚಿ, ಮಡಚಿ,
ಹುಡುಗನ ಪಕ್ಕ ನೆಲಕ್ಕೆ ಕೂತ.
ಮೊಣಕಾಲೆರಡೂ ಲಟಕ್ಕೆಂದವು.
"ತೋರಿಸು. ಎಡಕ್ಕೆ."

ಏಳು ಗೋಲು ಬಿದ್ದವು. ಲೆಕ್ಕ ಇಟ್ಟವಳು ನಾನು.
ಎಂಟನೆಯದು ಬೆರಳ ತುದಿ ಸವರಿ, ಕಂಬಕ್ಕೆ ಬಡಿದು, ಹೊರಗೆ.
ನಲವತ್ತು ಸಾವಿರ ಜನ ಎದ್ದು ನಿಂತರು
ಹೀಟರಿನ ಪಕ್ಕ, ಮೂರು ಗಜ ಜಾಗದಲ್ಲಿ.
ಬ್ರೂನೋ ತೋಳಿಗೆ ಮೂಗೊರೆಸಿ, "ಹ್ಞೂ, ಪರವಾಗಿಲ್ಲ" ಎಂದ.

ಪೂರ್ತಿ ಬೆಲೆಗೆ ಒಂದು ಕೊಂಡ, ಚೌಕಾಸಿಯಿಲ್ಲ.
ಕಾಗದ ಮುಂದಿಟ್ಟೆ. ಐದೂ ಚೌಕ ಓದಿ
ಪೆನ್ನು ವಾಪಸು ಕೊಟ್ಟ.
ಬಾಗಿಲಲ್ಲಿ ನಿಂತು, ಹೊರಗಿನ ಟ್ರಾಮು ಹೋಗಲು ಬಿಟ್ಟು,
"ಎಡಕ್ಕೆ ನನಗೆ ನಿಜಕ್ಕೂ ಬರಲ್ಲ," ಎಂದ.
"ಹೆಂಡತಿಗೂ ಹೇಳಿರಲಿಲ್ಲ.
ಅವರಿಗೆ ಹೇಗೆ ಗೊತ್ತಾಯಿತು?"