ಐದು ನಿಮಿಷಕ್ಕೊಮ್ಮೆ

ಬೆಳಗಾಗುವಾಗ ನಾಲ್ಕನೆಯ ತೊಟ್ಟಿ ಬೆಳ್ಳಗಾಗಿತ್ತು.
ಹೊಟ್ಟೆ ಮೇಲಾಗಿ ತೇಲುವ ಸಾಲ್ಮನ್ ಮರಿಗಳನ್ನು
ಬಲೆಯಲ್ಲಿ ಗೋರಿ ಗೋರಿ ಎಣಿಸಿದ ಬಾವ್ದಿಲಿಯೊ:
ಹನ್ನೊಂದು ಸಾವಿರ. ಆಮೇಲೆ ಎಣಿಸಲಿಲ್ಲ.
ಸುಣ್ಣದ ಗುಂಡಿಗೆ ಹೋದವು.

ನನ್ನ ಲಾಗಿನಲ್ಲಿ ಮಾತ್ರ ಯಾರೂ ಸತ್ತಿರಲಿಲ್ಲ.
ಒಂದು ಗಂಟೆ ಐದಕ್ಕೆ: ಜೀವಂತ.
ಹತ್ತಕ್ಕೆ: ಜೀವಂತ.
ಹದಿನೈದಕ್ಕೆ, ಇಪ್ಪತ್ತಕ್ಕೆ, ಹೀಗೇ ಬೆಳಗಿನ ತನಕ
ಶಾಲೆಯ ಹಾಜರಿಯ ಹಾಗೆ.
ಆಮ್ಲಜನಕ ಹಾಯಿಸುವ ಸರ್ವಿಸು ಒಂದಕ್ಕೇ ಬಿದ್ದಿತ್ತು.
ಅದನ್ನು ಕಾಯಲೆಂದು ನಾನೇ ಬರೆದ ಸ್ಕ್ರಿಪ್ಟು
ಹೆಣದ ನಾಡಿ ಹಿಡಿದು ಕೂತು
ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ ಎಂದಿತ್ತು.

ಎಲ್ಸಿರಾ ನಾವೆಲ್‌ಕಿನ್, ಯಂತ್ರಗಳು ನಿನ್ನ ಜವಾಬ್ದಾರಿ,
ಎಂದರು ಪ್ಯುರ್ತೊ ಮೋಂತಿನಿಂದ ಫೋನಿನಲ್ಲಿ.
ಹೌದು, ಅಂದೆ.

ಮೊದಲು ಕ್ರಾನ್ ಮೇಲೆ ಅನುಮಾನ.
ಪಾಪ, ಅದು ಒಂದು ಸಲವೂ ತಪ್ಪಿಸಿರಲಿಲ್ಲ.
ಆಮೇಲೆ ಗಡಿಯಾರ; ಏಪ್ರಿಲಿನಲ್ಲಿ ಗಂಟೆಯನ್ನು
ಹಿಂದಕ್ಕೆ ತಿರುಗಿಸುವುದುಂಟು ಇಲ್ಲಿ. ಅದೂ ಅಲ್ಲ.
ಡಿಸ್ಕು ತುಂಬಿತೆ, ಅನುಮತಿ ಕೆಟ್ಟಿತೆ,
ಕಳುವಾದ ಮನೆಯ ಬೀದಿಯಲ್ಲಿ ಪೊಲೀಸರು
ಸಿಕ್ಕಸಿಕ್ಕವರನ್ನು ಕೇಳುವ ಹಾಗೆ ಕೇಳಿದೆ.

ಸಂಜೆ, ಬಾವ್ದಿಲಿಯೊನನ್ನು ಕೈಕವಾಟದ ಬಳಿ ನಿಲ್ಲಿಸಿ
ಸರ್ವಿಸನ್ನು ನಾನೇ ಕೊಂದೆ.
ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ.
ಜೀವಂತ, ಅಂದಿತು.

ಓಡುತ್ತಿರುವವರ ಪಟ್ಟಿಯಲ್ಲಿ ಈ ಹೆಸರು ಹುಡುಕು,
ಒಬ್ಬ ಸಿಕ್ಕರೂ ಸಾಕು, ಬದುಕಿದೆ ಅನ್ನು.
ಇಷ್ಟೇ ನಾನು ಅದಕ್ಕೆ ಕಲಿಸಿದ್ದು.
ಒಬ್ಬ ಸಿಗುತ್ತಿದ್ದ.
ಯಾರಪ್ಪ ಇವನು ಎಂದು ಸಾಲನ್ನು ಹೊರಗೆಳೆದು ನೋಡಿದರೆ
ಹುಡುಕುತ್ತಿರುವವನೇ.
ಆ ಹೆಸರನ್ನು ಬಾಯಲ್ಲಿ ಕಚ್ಚಿ ಓಡುವವನೂ
ಓಡುವವರ ಪಟ್ಟಿಯಲ್ಲಿ ಒಬ್ಬ.
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅನ್ನುತ್ತಾರಲ್ಲ,
ಇದು ಅದರ ತಿರುಗುಮುರುಗು:
ಕೂಸಿಲ್ಲದ ಕಂಕುಳು ಮುಟ್ಟಿಕೊಂಡು
ಸಿಕ್ಕಿತು, ಸಿಕ್ಕಿತು ಎಂದು ಕೂಗುವ ತಾಯಿ.

ಮದ್ದು ಹಳೆಯದು, ಬಲ್ಲವರ ಬಾಯಲ್ಲಿರುವುದು:
ಹೆಸರಿನ ಮೊದಲಕ್ಷರಕ್ಕೆ ಚೌಕ ಕಂಸದ ಬೇಲಿ.
ಇನ್ನು ಅವನ ಬಾಯಲ್ಲಿರುವುದು ಬೇರೆ,
ಅವನು ಹುಡುಕುವುದು ಬೇರೆ.
ಎರಡೇ ಗೀಟು.
ಹನ್ನೊಂದು ಸಾವಿರ ಮರಿ.

ಕೈಯಾರೆ ಓಡಿಸಿದೆ: ಸತ್ತಿದೆ, ಅಂದಿತು. ಫೋನು ಕೂಗಿತು.
ಕ್ರಾನಿಗೆ ಬಿಟ್ಟೆ: ಮೌನ.
ನಾನು ಕರೆದೊಯ್ದರೆ ನನ್ನ ಬೂಟು, ನನ್ನ ಕೋಟು,
ನಾನು ಬಲ್ಲ ಹಾದಿಗಳೆಲ್ಲ ಅದರವೂ.
ಕ್ರಾನ್ ಎಬ್ಬಿಸಿದರೆ ಬರಿಗಾಲು,
ಎರಡೇ ಬೀದಿ ಗೊತ್ತಿರುವ ಪರದೇಶಿ.
ಸಂದೇಶ ಒಯ್ಯುವವನ ಮನೆ ಮೂರನೆಯ ಬೀದಿಯಲ್ಲಿ.
ಸಿಗಲಿಲ್ಲ ಎಂದು ಅದು ಪತ್ರವನ್ನೂ ಹಾಕಿತ್ತು
ರೂಟ್ ಹೆಸರಿನ ಪೆಟ್ಟಿಗೆಗೆ.
ಆ ಪೆಟ್ಟಿಗೆಯಲ್ಲಿ ಇದಕ್ಕೂ ಮುಂಚಿನ
ನಾಲ್ಕು ವರ್ಷದ ಪತ್ರಗಳು, ಬೇರೆ ಬೇರೆ ಸ್ಕ್ರಿಪ್ಟುಗಳವು,
ಯಾರೂ ಒಡೆಯದವು.
ನಾಳೆ ಓದಬೇಕು ಅಂದುಕೊಂಡೆ.
ಇನ್ನೂ ಓದಿಲ್ಲ.

ಪೂರ್ತಿ ವಿಳಾಸ ಬರೆದು ಕಾಯುತ್ತ ಕೂತೆ.
ಹನ್ನೊಂದು ಐವತ್ತಾರು.
ಕವಾಟದ ಚಕ್ರಕ್ಕೆ ಎದೆಯಾನಿಸಿ ನಿಂತ ಬಾವ್ದಿಲಿಯೊ
ಕೇಳಿದ: ಹಾಗಾದರೆ ಕಾವಲಿನವನು
ತನ್ನನ್ನೇ ನೋಡಿಕೊಂಡನೆ?
ಹೂಂ, ಅಂದೆ.
ನಮಗೂ ಆಗುತ್ತಿತ್ತು, ಅಂದ, ಲಾಟೀನು ಹಿಡಿದು
ತೊಟ್ಟಿಗೆ ಬಗ್ಗಿದರೆ ಮೊದಲು ಕಾಣುವುದು ನಮ್ಮ ಮೂತಿಯೇ.
ಲಾಟೀನು ಸ್ವಲ್ಪ ಓರೆ ಹಿಡಿಯಬೇಕು, ಅಷ್ಟೆ.
ಆಮೇಲೆ ತೋಳು ನೋಯುತ್ತಿದೆ ಅಂದ.

ಹನ್ನೆರಡು.
ಮೇಜಿನ ಮೇಲೆ ಫೋನು ನಡುಗಿತು: ಸತ್ತಿದೆ.
ನಾನು ಎದ್ದು ಚಪ್ಪಾಳೆ ತಟ್ಟಿಬಿಟ್ಟೆ.
ಹೆದರಿ, ಏನಾಯಿತು, ಬಿಡಲೆ? ಎಂದ ಕತ್ತಲಿನಿಂದ.
ಬಿಡಬೇಡಿ, ಅಂದೆ,
ಸರ್ವಿಸನ್ನು ಎಬ್ಬಿಸಿ, ಗುಳ್ಳೆ ಏಳುವ ಸದ್ದಿಗೆ ಕಿವಿಗೊಟ್ಟು,
ಅದೂ ನಿಜ ಹೇಳುತ್ತದೋ ನೋಡೋಣ,
ಇನ್ನೊಂದು ಐದು ನಿಮಿಷ.