ಎರಡು ತಳದ ಸೇರು

ಕೋಡಿಬಾಗದ ನಮ್ಮ ಮನೆಯ ಹಿತ್ತಾಳೆ ಸೇರನ್ನು
ಮೊನ್ನೆ ಕಲಾಯಿಯ ಮಕ್ತುಂ ಸಾಬರ ಮುಂದಿಟ್ಟೆ.
ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು,
"ಬಾಯೀ, ಇದಕ್ಕೆ ಎರಡು ತಳ" ಅಂದರು.
"ಬಿಚ್ಚಬೇಕೆಂದರೆ ಶುಕ್ರವಾರ ನಮಾಜಿನ ಮೇಲೆ ಬನ್ನಿ."
ಸೇರನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ದ್ವಾರಕಿ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ
ಅಂದು ಅಮಾವಾಸ್ಯೆ, ಕಾಳಿಯಲ್ಲಿ ಇಳಿತ.
ದೋಣಿಯಲ್ಲಿ ಹನ್ನೊಂದು ಜನ, ಒಂದು ಹಸುಗೂಸು,
ಅದು ಅಳದಂತೆ ಬಾಯಿಗೆ ಬೆಲ್ಲ ಕಟ್ಟಿದ ಬಟ್ಟೆ.
ಹಿಂದೆ, ಗೋವೆಯಲ್ಲಿ,
ಗುಡಿಯ ಕಲ್ಲು ಇಗರ್ಜಿಯ ಮೆಟ್ಟಿಲಾಗುತ್ತಿತ್ತು.
ತುಳಸಿ ನೆಟ್ಟರೆ ದಂಡ, ಜುಟ್ಟು ಬಿಟ್ಟರೆ ದಂಡ,
ಮದುವೆಯ ಮಂತ್ರವನ್ನು ಭಟ್ಟರು
ಕದ ಹಾಕಿ ಪಿಸುಗುಟ್ಟುತ್ತಿದ್ದರು.
ಗೊಣು ಶೆಟಿ ಎರಡು ಬೆರಳೆತ್ತರದ ದೇವಿಯನ್ನು
ಈ ಸೇರಿನೊಳಗಿಟ್ಟು ಮೇಲೆ ಅಕ್ಕಿ ಸುರಿದ.
ಕಾವಲಿನ ಪರಂಗಿ ಮೊಣಕೈವರೆಗೆ ಕೈಯಾಡಿಸಿದ.
ಬರೀ ಅಕ್ಕಿ.
"ದೇವಿ ಆಗ ಅಕ್ಕಿಯಾಗಿದ್ದಳು" ಎನ್ನುವಾಗ
ಅಜ್ಜಿಯ ದನಿ ಇಳಿಯುತ್ತಿತ್ತು.
ಆ ರಾತ್ರಿ ನಾವು ಬಟ್ಟಲಲ್ಲಿ ಒಂದಗುಳೂ ಬಿಡುತ್ತಿರಲಿಲ್ಲ.

ಪುಂಡಲೀಕ ಬಾಪ್ಪನದು ಬೇರೆ ಕತೆ.
ಮೂವತ್ತು ವರ್ಷ ಮಾಜಾಳಿ ಚೆಕ್‌ಪೋಸ್ಟಿನಲ್ಲಿ
ಲಾರಿಗಳ ಹೊಟ್ಟೆ ತಡವಿದವನು ಅವನು.
ಮೀನಿನ ಮಂಜುಗಡ್ಡೆಯಡಿ ಫೆನ್ನಿ, ಹಾಲಿನ ಕ್ಯಾನಿನಲ್ಲಿ ಫೆನ್ನಿ,
ಒಮ್ಮೆ ಚೌತಿಯ ಮುಂಚೆ
ಗಣಪತಿಯ ಟೊಳ್ಳು ಹೊಟ್ಟೆಯಲ್ಲೂ ಫೆನ್ನಿ.
"ಒಂದೇ ಕಾರಣಕ್ಕೆ ಗಡಿ ದಾಟಿದವನನ್ನು
ನಾನು ಸರ್ವೀಸಿನಲ್ಲೇ ನೋಡಲಿಲ್ಲ" ಎನ್ನುತ್ತಿದ್ದ.
ಗೊಣು ಶೆಟಿಗೆ ಅಲ್ಲಿ ಸಾಲವಿತ್ತಂತೆ,
ಇಲ್ಲಿ ಮೆಣಸಿಗೆ ಬೆಲೆ ಇತ್ತಂತೆ,
ಹೊಸ ಅಂಗಡಿಗೆ ಮೂರು ವರ್ಷ ಸುಂಕವಿಲ್ಲವೆಂದು
ಡಂಗುರ ಸಾರಿದ್ದರಂತೆ.
"ದೇವಿಗೆ ಗುಡಿ ಕಟ್ಟಿದ್ದು ಎಷ್ಟನೇ ವರ್ಷಕ್ಕೆ, ಕೇಳು.
ಅಂಗಡಿ ತೆರೆದದ್ದು ಎಷ್ಟನೇ ದಿನಕ್ಕೆ, ಕೇಳು."
ಅಂದು ಅಜ್ಜಿ ಅವನಿಗೆ ಮೀನು ಬಡಿಸಲಿಲ್ಲ.

ಬರದೆ ಉಳಿದವನೊಬ್ಬ ತಮ್ಮನಿದ್ದ, ರೊಗು.
ಒಂದು ಕಾಲು ದೋಣಿಯಲ್ಲಿಟ್ಟು, ಹಿಂದಕ್ಕೆ ತೆಗೆದ.
ಮರುವರ್ಷ ಲಾಜ್ರು ಆದ. ಗದ್ದೆ ಉಳಿಯಿತು.
ಅವನ ಪೀಳಿಗೆಯ ಮಿಂಗೆಲ್ ಪ್ರತಿ ಮೇ ತಿಂಗಳು
ಗೇರುಬೀಜ, ಒಣಗಿಸಿದ ಮುರುಗಲ ಸಿಪ್ಪೆ ಹಿಡಿದು ಬರುತ್ತಾನೆ.
ದೇವರ ಕೋಣೆಯ ಹೊಸ್ತಿಲಲ್ಲಿ ಕಾಣಿಕೆಯಿಟ್ಟು
ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಾನೆ.
ದೇವಿ ಈವರೆಗೆ ಏನೂ ಅಂದಿಲ್ಲ.
ಅವನಿಗೆ ಫೋನು ಮಾಡಿ ಸೇರಿನ ಸಂಗತಿ ಹೇಳಿದೆ.
ನಕ್ಕ.
"ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಬಾಯೀ.
ಆ ಸೇರಿನಲ್ಲಿ ಅಳೆದೇ ಅಣ್ಣ ಪಾಲು ಕೊಟ್ಟದ್ದು.
ತಮ್ಮ ದೋಣಿ ಹತ್ತದಿದ್ದದ್ದು ಅದಕ್ಕೇ."

ರಾತ್ರಿ ಪಕ್ಕದ ಮನೆಯ ಸೇರು ತಂದು ಅಳೆದೆ.
ನಮ್ಮದರಲ್ಲಿ ಒಂದು ಹಿಡಿ ಕಡಿಮೆ.
ಎರಡು ಬೆರಳೆತ್ತರದವಳು ಮಲಗಲು ಎಷ್ಟು ಬೇಕೋ ಅಷ್ಟು.

ತಳ ಮೊದಲೋ, ದೇವಿ ಮೊದಲೋ?
ಅವಳಿಗೆಂದು ಬೆಸೆದದ್ದು ಆಮೇಲೆ ವ್ಯಾಪಾರಕ್ಕೆ ಒದಗಿತೋ,
ವ್ಯಾಪಾರಕ್ಕೆಂದು ಬೆಸೆದ ಕಳ್ಳ ಕತ್ತಲಲ್ಲಿ,
ಬೇರೆಲ್ಲೂ ಎಡೆಯಿಲ್ಲದೆ, ಅವಳು ಮುದುಡಿಕೊಂಡಳೋ?
ಇದೇ ಸೇರಿನಲ್ಲಿ
ಸಾಣಿಕಟ್ಟೆಯ ಉಪ್ಪಿನಾಗರದ ಕೂಲಿಯವರು ಅಕ್ಕಿ ಒಯ್ದರು,
ಬುಟ್ಟಿ ಇಳಿಸಿ ಖಾರ್ವಿ ಹೆಂಗಸರು ಮಡಿಲೊಡ್ಡಿದರು.
ದಿನಕ್ಕೆ ಎಷ್ಟು ಹಿಡಿ, ವರ್ಷಕ್ಕೆ ಎಷ್ಟು,
ಎಷ್ಟು ತಲೆಮಾರು.
ಪೆನ್ಸಿಲು ಹುಡುಕಿ ತಂದೆ, ಬರೆಯಲಿಲ್ಲ.

ಬೆಳಿಗ್ಗೆ ಬಾಪ್ಪನ ಮಂಚದ ಬಳಿ ಸೇರು ಒಯ್ದೆ.
ಎಂಬತ್ತಾರರ ಮುದುಕ ದಿಂಬಿಗೊರಗಿ ಎದ್ದು ಕೂತ.
ಕನ್ನಡಕ ಒರೆಸಿ, ತಿರುಗಿಸಿ ನೋಡಿ,
ಡ್ಯೂಟಿಯಲ್ಲಿದ್ದವನಂತೆ ಬೆರಳ ಗೆಣ್ಣಿನಿಂದ ಬಡಿದ,
ಮತ್ತೊಮ್ಮೆ ಬಡಿದ.
"ನಾನಿಲ್ಲದೆ ಬಿಚ್ಚಬೇಡ" ಅಂದ.

ಹೊರಗೆ ಮೀನಿನ ಗಾಡಿಯವ ಹಾರ್ನ್ ಹೊಡೆದು ಹೋದ.
ಬಾಪ್ಪ ಸೇರನ್ನು ಕೈಯಿಂದ ಬಿಟ್ಟಿರಲಿಲ್ಲ.
ಬೇರೆಯೇ ದನಿಯಲ್ಲಿ, ಗೋಡೆಯ ಕಡೆ ನೋಡುತ್ತ,
"ಬಿಚ್ಚಬೇಡ" ಅಂದ.